ದೊಡ್ಡೇರಿ ಹೋಬಳಿ ಕಾರು ನಿರ್ಣಯ ಪದ್ಧತಿ

ದೊಡ್ಡೇರಿ ಹೋಬಳಿಯಲ್ಲಿ ಕಾರು ಕೊಳ್ಳುವವರಿಗೆ ಸಲಹೆ ಕೊಡಲು ಬೇಕಾದ ಅರ್ಹತೆಗಳು ಎರಡೇ. ಸಲಹೆಗಾರನಿಗೆ ಸ್ವಂತ ಕಾರು ಇರಕೂಡದು, ಬಸ್ ಸ್ಟಾಂಡಿನ ಹೋಟೆಲಿನಲ್ಲಿ ಕೂರಲು ಪುರುಸೊತ್ತಿರಬೇಕು. ನನಗೆ ಎರಡೂ ಇವೆ. ಹೀಗಾಗಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಜನ ನನ್ನ ಎದುರಿನ ಬೆಂಚಿನಲ್ಲಿ ಕೂತು, “ಸಾಲ ಮಾಡಿ ಹೊಸದು ತಗಳಾದೋ, ಕೈಲಿರೋ ದುಡ್ಡಿಗೆ ಹಳೇದು ನೋಡಾದೋ?” ಎಂದು ಕೇಳುತ್ತಾರೆ. ಕಾರುಳ್ಳವರನ್ನು ಯಾರೂ ಕೇಳುವುದಿಲ್ಲ. ಹೊಸದುಳ್ಳವನು ಹೊಸದನ್ನು ಹೊಗಳುತ್ತಾನೆ, ಹಳೆಯದುಳ್ಳವನು ಹಳೆಯದನ್ನು. ಕಂತು ಎಷ್ಟು, ರಿಪೇರಿ ಎಷ್ಟು ಎಂದು ಬಾಯಿ ಬಿಟ್ಟರೆ ಇಬ್ಬರಿಗೂ ಅದೇ ಗಳಿಗೆಯಲ್ಲಿ ಫೋನು ಬರುತ್ತದೆ.

ಪ್ರಶ್ನೆ ಪುರಾತನವಾದದ್ದಲ್ಲ. ಅಂಬಾಸಿಡರ್, ಫಿಯಟ್ ಬಿಟ್ಟರೆ ಹೆಚ್ಚೇನೂ ಇರದಿದ್ದ ಕಾಲದಲ್ಲಿ ಹೊಸ ಕಾರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾಯಲಾರದವರು ಓಡಿದ ಕಾರಿಗೇ ಹೊಸದಕ್ಕಿಂತ ಹೆಚ್ಚು ತೆತ್ತದ್ದೂ ಉಂಟು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿ ಕೊಟ್ಟರು. ಮುಂದೆ ಬ್ಯಾಂಕಿನವರು ಸಂಬಳದ ಚೀಟಿ, ಪಹಣಿ ನೋಡಿ ಸಾಲ ಕೊಡುವುದನ್ನು ಕಲಿತರು. ಪ್ರಶ್ನೆ ಹುಟ್ಟಿದ್ದು ಆಮೇಲೆ.

ಆದರೆ ಇದಕ್ಕೊಂದು ಪೂರ್ವನಿದರ್ಶನವಿದೆ. ಶಿರಾದಲ್ಲಿ ಮೊಗಲರ ಫೌಜುದಾರನಾಗಿದ್ದ ಖಾಸಿಂ ಖಾನ್ 1695ರಲ್ಲಿ, ತನ್ನ ನೆರವಿಗೆ ಬಂದ ಸರದಾರರ ಎದುರು ಮರ್ಯಾದೆ ಕಡಿಮೆಯಾಗಬಾರದೆಂದು ಒಳ್ಳೊಳ್ಳೆ ಡೇರೆಗಳನ್ನೂ ಬೆಳ್ಳಿ ಬಂಗಾರದ ಪಾತ್ರೆಗಳನ್ನೂ ಪಿಂಗಾಣಿಯನ್ನೂ ಹೊರತೆಗೆಸಿ ಮುಂದಕ್ಕೆ ಸಾಗಿಸಿದ. ಮರಾಠರ ಸೇನಾಪತಿ ಸಂತಾಜಿ ಘೋರ್ಪಡೆ ಮೊದಲು ಬಿದ್ದದ್ದೇ ಅದರ ಮೇಲೆ. ಖಾನನೂ ಅತಿಥಿಗಳೂ ದೊಡ್ಡೇರಿಯ ಸಣ್ಣ ಕೋಟೆಯೊಳಗೆ ಸಿಕ್ಕಿಬಿದ್ದರು. ಖಾನ ಅಲ್ಲೇ ಸತ್ತ. ಉಳಿದವರು 20 ಲಕ್ಷ ರೂಪಾಯಿ ತೆರಲೊಪ್ಪಿ ಹೊರಬಂದರು. ಆ ದೊಡ್ಡೇರಿ ಚಳ್ಳಕೆರೆ ಕಡೆಯದು, ನಮ್ಮದಲ್ಲ ಎಂದು ಇತಿಹಾಸದ ಮೇಷ್ಟ್ರೊಬ್ಬರು ತಕರಾರು ತೆಗೆದರು. ಊರಿನ ಹೆಸರು ಒಂದೇ, ಖಾನ ನಮ್ಮ ಶಿರಾದವನು, ನೆಂಟರ ಮುಂದೆ ಮೆರೆಯಲು ಹೋದದ್ದು ಲಕ್ಷಗಟ್ಟಲೆ ಬಾಕಿಯಲ್ಲಿ ಮುಗಿಯಿತು. ನಮ್ಮ ಪದ್ಧತಿಗೆ ಇಷ್ಟು ಸಾಕು.

ಮೊದಲು ಲೆಕ್ಕ. ಶೋರೂಂ ಬೆಲೆ 6,50,000 ರೂಪಾಯಿಯ ಒಂದು ಸಣ್ಣ ಕಾರು ಎಂದಿಟ್ಟುಕೊಳ್ಳಿ. ಕರ್ನಾಟಕದಲ್ಲಿ 5ರಿಂದ 10 ಲಕ್ಷದೊಳಗಿನ ಕಾರಿಗೆ ಆಜೀವ ತೆರಿಗೆ ನೂರಕ್ಕೆ 14, ಆ ತೆರಿಗೆಯ ಮೇಲೆ ನೂರಕ್ಕೆ 11 ಸೆಸ್. ಒಟ್ಟು 1,01,010 ರೂಪಾಯಿ. ಮುಯ್ಯಿ ಬರೆಸಿದಂತೆ ಕೊನೆಯಲ್ಲಿ ಹತ್ತು ರೂಪಾಯಿ ಬಂದಿರುವುದನ್ನು ಗಮನಿಸಿ; ಸರ್ಕಾರಕ್ಕೂ ಶುಭ ಅಶುಭ ಗೊತ್ತು. ವಿಮೆ, ಫುಟ್‌ಮ್ಯಾಟು, ಹಾರ, ಕುಂಬಳಕಾಯಿ ಸೇರಿ ಎಂಟು ಲಕ್ಷದ ಹತ್ತಿರ ಬರುತ್ತದೆ. ಕೈಯಿಂದ ಎರಡು ಹಾಕಿ ಆರು ಲಕ್ಷ ಸಾಲ ಮಾಡಿದರೆ, ವರ್ಷಕ್ಕೆ ನೂರಕ್ಕೆ 9ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ತಿಂಗಳ ಕಂತು 9,653 ರೂಪಾಯಿ. 84 ಕಂತು ಮುಗಿಯುವಾಗ ಕಟ್ಟಿದ್ದು 8,10,852. ಬಡ್ಡಿಯೇ 2,10,852.

ಈ ಕೊನೆಯ ಅಂಕಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ನಮ್ಮ ಕಡೆ ಹತ್ತು ವರ್ಷ ಓಡಿದ, ನಾಲ್ಕು ಬಾಗಿಲೂ ಮುಚ್ಚುವ, ಒಂದು ಹಳೇ ಕಾರು ಬರುವುದು ಇದೇ ದುಡ್ಡಿಗೆ. ಅಂದರೆ ಸಾಲದಲ್ಲಿ ಹೊಸ ಕಾರು ಕೊಂಡವನು ಅದರ ಜೊತೆಗೆ ಒಂದು ಹಳೇ ಕಾರನ್ನೂ ಕೊಂಡಿರುತ್ತಾನೆ, ಅದನ್ನು ಬ್ಯಾಂಕಿನಲ್ಲೇ ಬಿಟ್ಟು ಬಂದಿರುತ್ತಾನೆ. ಇನ್ನೊಂದು ವಿಚಿತ್ರ: ಐದು ವರ್ಷ ತಪ್ಪದೆ ಕಟ್ಟಿದ ಮೇಲೂ ಉಳಿಯುವ ಅಸಲು 2,11,000ದ ಆಸುಪಾಸು. ವಿಮೆಯವರ ಪಟ್ಟಿಯಲ್ಲಿ ಐದನೇ ವರ್ಷಕ್ಕೆ ಕಾರಿನ ಬೆಲೆಯಲ್ಲಿ ಅರ್ಧ ಹೋಗಿರುತ್ತದೆ. ಎಲ್ಲಿಂದ ಹೊರಟರೂ ಲೆಕ್ಕ ಆ ಹಳೇ ಕಾರಿನ ಮುಂದೆಯೇ ಬಂದು ನಿಲ್ಲುತ್ತದೆ. ಇದನ್ನು ಬಿಡಿಸಿ ಹೇಳಿದಾಗ ಮಧುಗಿರಿಯ ನಿವೃತ್ತ ಗುಮಾಸ್ತರೊಬ್ಬರು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಎರಡು ಕಾರು ಬಂದಂಗಾಯ್ತಲ್ಲ” ಎಂದು ಸಂತೋಷಪಟ್ಟರು.

ಹಳೇ ಕಾರಿಗೆ ಸಾಲ ಬೇಡ ಎಂಬುದು ಸಿದ್ಧಾಂತದಲ್ಲಿ ಮಾತ್ರ. ‘ಕೈಲಿರೋ ದುಡ್ಡು’ ಎಂದರೆ ಚೀಟಿ. ಇಪ್ಪತ್ತು ಜನ, ತಿಂಗಳಿಗೆ ಹತ್ತು ಸಾವಿರ, ಎರಡು ಲಕ್ಷದ ಚೀಟಿಯನ್ನು ಆತುರಕ್ಕೆ ಕೂಗಿ ಎತ್ತಿದರೆ ನಲವತ್ತು ಸಾವಿರ ಅಲ್ಲೇ ಹೋಗಿ ಕೈಗೆ ಒಂದು ಲಕ್ಷದ ಅರವತ್ತು ಸಾವಿರ ಬರುತ್ತದೆ. ಉಳಿದ ನಲವತ್ತಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲ. ಮೂರು ಎಂಬುದು ಒಂಬತ್ತಕ್ಕಿಂತ ಕಡಿಮೆ ಎಂದು ನನ್ನಲ್ಲಿಗೆ ಬಂದವರೆಲ್ಲ ವಾದಿಸಿದ್ದಾರೆ. ಒಂಬತ್ತು ವರ್ಷಕ್ಕೆ, ಮೂರು ತಿಂಗಳಿಗೆ. ವರ್ಷಕ್ಕೆ ಅದು ಮೂವತ್ತಾರು. ಫೈನಾನ್ಸಿನವರ ಹತ್ತಿರ ಹೋದರೆ ಅವರೂ ‘ಫ್ಲಾಟ್ ಒಂಬತ್ತು’ ಎನ್ನುತ್ತಾರೆ. ಎರಡು ಲಕ್ಷಕ್ಕೆ ಮೂರು ವರ್ಷದ ಬಡ್ಡಿ 54,000 ಎಂದು ಮೊದಲೇ ಕೂಡಿಸಿ ಮೂವತ್ತಾರು ಕಂತು ಮಾಡುತ್ತಾರೆ. ಅಸಲು ತಿಂಗಳು ತಿಂಗಳು ತೀರುತ್ತಿದ್ದರೂ ಬಡ್ಡಿ ಮಾತ್ರ ಮೊದಲ ದಿನದ ಅಸಲಿಗೇ ಬೀಳುವುದರಿಂದ, ಬ್ಯಾಂಕಿನ ಲೆಕ್ಕಕ್ಕೆ ತಿರುಗಿಸಿದರೆ ಇದು ನೂರಕ್ಕೆ 16 ದಾಟುತ್ತದೆ. ‘ಫ್ಲಾಟ್’ ಎಂದರೆ ಯಾರು ಮಲಗುತ್ತಾರೆ ಎಂಬುದನ್ನು ಕರಾರಿನಲ್ಲಿ ಬರೆದಿರುವುದಿಲ್ಲ.

ಪಾವಗಡ ತಾಲ್ಲೂಕಿನವರಿಗೆ ಬೇರೆ ಸೂತ್ರವಿದೆ. ತಿರುಮಣಿ ಸುತ್ತಿನ ಐದು ಊರುಗಳ ಹದಿಮೂರು ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕು ಹಬ್ಬಿದೆ. ಜಮೀನು ಕೊಟ್ಟವರಿಗೆ ಒಪ್ಪಂದದ ಮೂಲ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5 ಏರಿಕೆ. ಮೇಲಿನ ಕಂತನ್ನು ಇದಕ್ಕೆ ಹೊಂದಿಸಿದರೆ ಒಂದು ಹೊಸ ಕಾರು ಸುಮಾರು ಐದೂವರೆ ಎಕರೆ ಬಿಸಿಲಿಗೆ ಸಮ. ಹಿಂದೆ ಅದೇ ಬಿಸಿಲು ಅದೇ ಐದೂವರೆ ಎಕರೆಯ ಕಡ್ಲೆಕಾಯಿಯನ್ನು ಒಣಗಿಸುತ್ತಿತ್ತು, ಕಾರು ಕೊಡುತ್ತಿರಲಿಲ್ಲ. ಮೂರು ಎಕರೆ ಇರುವವರಿಗೆ ಹಳೇ ಕಾರು. ಜಮೀನೇ ಇಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರು ಸೂತ್ರದ ಹೊರಗೆ ಉಳಿಯುತ್ತಾರೆ. ಅವರು ಸಲಹೆ ಕೇಳಲು ಬಂದಿಲ್ಲ.

ಕಾರೇ ಬೇಡ ಎಂಬ ಮೂರನೆಯ ಪಂಥವೂ ಇದೆ. ಅವರ ಭರವಸೆ ರಾಯದುರ್ಗ–ತುಮಕೂರು ರೈಲಿನ ಮೇಲೆ. ಅದು 2007-08ರಲ್ಲಿ ಮಂಜೂರಾದದ್ದು. ಪಾವಗಡ, ಮಧುಗಿರಿ, ಕೊರಟಗೆರೆ ಮೂರನ್ನೂ ಮುಟ್ಟುವ ರೈಲು ಬಂದ ಮೇಲೆ ಕಾರು ಯಾಕೆ ಎಂದು ಆಗ ಕೇಳುತ್ತಿದ್ದ ಯುವಕರು ಈಗ ಮಕ್ಕಳ ಮದುವೆಗೆ ಕಾರು ಹುಡುಕುತ್ತಿದ್ದಾರೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ್ದರಿಂದ ಅರ್ಧ ಸಂಸಾರಕ್ಕೆ ವಾಹನ ಆಗಲೇ ಸಿಕ್ಕಿದೆ, ಇನ್ನರ್ಧಕ್ಕೆ ಮಾತ್ರ ಕಾರು ಬೇಕು, ಆದ್ದರಿಂದ ಸಣ್ಣದು ಸಾಕು ಎಂದು ಒಬ್ಬರು ಮಂಡಿಸಿದರು. ಮನೆಯಾಕೆ ಪಕ್ಕದಲ್ಲೇ ಇದ್ದರು. ದೊಡ್ಡದನ್ನೇ ಬರೆದುಕೊಂಡು ಹೋದರು.

ಲೆಕ್ಕ ಇಲ್ಲಿಗೆ ಮುಗಿಯಿತು. ಇನ್ನು ನಿರ್ಣಯಕ್ಕೆ ಬರೋಣ; ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮೊದಲ ಅಂಶ ರೇಷನ್ ಕಾರ್ಡು. ನಾಲ್ಕು ಚಕ್ರದ ವಾಹನವುಳ್ಳ ಕುಟುಂಬಕ್ಕೆ ಬಿಪಿಎಲ್ ಕಾರ್ಡಿಲ್ಲ. ಹೊಟ್ಟೆಪಾಡಿಗೆ ಓಡಿಸುವ ಒಂದು ಬಾಡಿಗೆ ಗಾಡಿಗೆ ಮಾತ್ರ ವಿನಾಯಿತಿ. ಈ ನಿಯಮ ಚಕ್ರ ಎಣಿಸುತ್ತದೆ, ಬೆಲೆ ನೋಡುವುದಿಲ್ಲ. ತಳ್ಳಿ ಸ್ಟಾರ್ಟ್ ಮಾಡುವ ಎಂಬತ್ತು ಸಾವಿರದ ಕಾರೂ ಎಂಟು ಲಕ್ಷದ ಕಾರೂ ಇದರ ಮುಂದೆ ಸರಿಸಮಾನ. ಇಷ್ಟು ದೊಡ್ಡ ಸಮಾನತೆ ನಮ್ಮ ಹೋಬಳಿಯಲ್ಲಿ ಬೇರೆಲ್ಲೂ ಕಂಡಿಲ್ಲ. ಹಾಗಾಗಿ ಹಳೇ ಕಾರು ಕೊಂಡವರು ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಅವಸರ ತೋರುವುದಿಲ್ಲ. ಫಾರಂ 29, ಫಾರಂ 30ಕ್ಕೆ ಹಳೇ ಮಾಲೀಕನ ಸಹಿ ಹಾಕಿಸಿ, ತಾರೀಖಿನ ಜಾಗ ಖಾಲಿ ಬಿಟ್ಟು, ದೇವರ ಫೋಟೋದ ಹಿಂದೆ ಇಡುತ್ತಾರೆ. ಕಾನೂನಿನ ಪ್ರಕಾರ ಆ ಕಾರು ಇಂದಿಗೂ ಬೆಂಗಳೂರಿನ ಯಾವನೋ ಡಾಕ್ಟರದು. ಬಡವನಹಳ್ಳಿ ಸರ್ಕಲ್ಲಿನಲ್ಲಿ ಸೀಟ್ ಬೆಲ್ಟ್ ಹಾಕದ ತಪ್ಪಿಗೆ ದಂಡ ಬಿದ್ದ ಸುದ್ದಿ ಮೊದಲು ತಲುಪುವುದು ಆ ಡಾಕ್ಟರಿಗೆ.

ಎರಡನೆಯದು ಪಂಚಾಂಗ. ಆಷಾಢದಲ್ಲಿ ಹೊಸ ವಸ್ತು ಕೊಳ್ಳಬಾರದು. ಶೋರೂಮಿನವರು ಅದೇ ತಿಂಗಳಲ್ಲಿ ಬೆಲೆ ಇಳಿಸುತ್ತಾರೆ, ಹೀಗಾಗಿ ಶಾಸ್ತ್ರಕ್ಕೂ ಅರ್ಥಶಾಸ್ತ್ರಕ್ಕೂ ವರ್ಷಕ್ಕೊಮ್ಮೆ ಜಗಳ. ಹಳೇ ಕಾರಿಗೆ ಈ ಬಾಧೆ ಇಲ್ಲ. ಅದನ್ನು ಮೊದಲ ಮಾಲೀಕ ಯಾವುದೋ ಶ್ರಾವಣದಲ್ಲಿ ಒಮ್ಮೆ ಕೊಂಡಾಗಿದೆ. ಮುಹೂರ್ತ ಕಾರಿನ ಜೊತೆಗೇ ವರ್ಗಾವಣೆಯಾಗುತ್ತದೆ ಎಂಬುದು ನನ್ನ ತೀರ್ಪು. ಶನಿವಾರ ಕಬ್ಬಿಣ ಮನೆಗೆ ತರಬಾರದೆಂಬುದಕ್ಕೆ ಮಾತ್ರ ಹೊಸದು ಹಳೆಯದೆಂಬ ಭೇದವಿಲ್ಲ. ಪಾವಗಡದ ಶನಿಮಹಾತ್ಮನ ಸನ್ನಿಧಿ ಇಷ್ಟು ಹತ್ತಿರವಿರುವಾಗ ಅಂಥ ಸಾಹಸಕ್ಕೆ ಯಾರೂ ಕೈಹಾಕುವುದಿಲ್ಲ. ಈಚಿನ ಕಾರುಗಳಲ್ಲಿ ಕಬ್ಬಿಣಕ್ಕಿಂತ ಪ್ಲಾಸ್ಟಿಕ್ಕೇ ಹೆಚ್ಚು ಎಂದು ಒಬ್ಬ ಇಂಜಿನಿಯರ್ ಹುಡುಗ ವಾದಿಸಿದ. ಅವನ ತಂದೆ ಭಾನುವಾರ ಹೋಗಿ ತಂದರು.

ಮೂರನೆಯದೇ ಮುಖ್ಯ, ಇದನ್ನು ಯಾವ ಬ್ಯಾಂಕೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾರು ಯಾರದು? ಹಳೇ ಕಾರು ಊರಿನದು. ತುಮಕೂರಿನ ಆಸ್ಪತ್ರೆಗೆ, ಮಧುಗಿರಿಯ ಕೋರ್ಟಿಗೆ, ಶುಕ್ರವಾರ ಗೊರವನಹಳ್ಳಿ ಲಕ್ಷ್ಮಿಗೆ, ನಿಶ್ಚಿತಾರ್ಥಕ್ಕೆ, ನಿಶ್ಚಿತಾರ್ಥ ಮುರಿದರೆ ಸೀರೆ ವಾಪಸು ಕೊಡಲಿಕ್ಕೆ. “ಡೀಸೆಲ್ ನಾವೇ ಹಾಕ್ಸ್ತೀವಿ ಕಣಣ್ಣಾ” ಎಂದು ಬರುತ್ತಾರೆ. ಅದು ಪೆಟ್ರೋಲ್ ಗಾಡಿ ಎಂಬುದು ದಾರಿಯಲ್ಲಿ ಗೊತ್ತಾಗುತ್ತದೆ. ಇಲ್ಲವೆನ್ನಲು ಮಾಲೀಕನಿಗೆ ನೆಪವಿಲ್ಲ. ಕೆಟ್ಟಿದೆ ಎಂದರೆ, ಕೆಟ್ಟಿದ್ದಾಗಲೂ ಹೋದ ಸೋಮವಾರ ಓಡಿತ್ತಲ್ಲ ಎನ್ನುತ್ತಾರೆ. ಹೊಸ ಕಾರಿಗೆ ಒಂದು ರಕ್ಷಾಕವಚವಿದೆ: ಸೀಟಿನ ಮೇಲಿನ ಪ್ಲಾಸ್ಟಿಕ್ಕು. “ಇನ್ನೂ ಕವರೇ ತೆಗೆದಿಲ್ಲ” ಎಂಬ ಒಂದು ಮಾತಿಗೆ ಸ್ವಂತ ಷಡ್ಡಕನೂ ಬಸ್ ಸ್ಟಾಂಡಿನ ಕಡೆ ತಿರುಗುತ್ತಾನೆ. ಆದ್ದರಿಂದ ಕೊನೆಯ ಕಂತು ತೀರುವವರೆಗೂ ಆ ಪ್ಲಾಸ್ಟಿಕ್ಕು ತೆಗೆಯಕೂಡದೆಂದು ನಮ್ಮ ಪದ್ಧತಿ ವಿಧಿಸುತ್ತದೆ. ಏಳು ಬೇಸಿಗೆ ಅದರ ಮೇಲೆ ಬೆವೆತು ಕೂರಬೇಕಾಗುತ್ತದೆ, ನಿಜ. ಕಂತಿಗೂ ಬೆವರಿಗೂ ಒಂದೇ ಅವಧಿ ಇರುವುದು ನೆನಪಿಡಲು ಅನುಕೂಲ.

ಇಷ್ಟಾದ ಮೇಲೂ ಹಳೆಯದೇ ಬೇಕೆನ್ನುವ ಗಟ್ಟಿಗರಿಗೆ ಪರೀಕ್ಷಾ ವಿಧಾನ ಹೇಳಬೇಕು. ಗಾಡಿ ನೋಡಲು ಪರಿಚಯದ ಮೆಕ್ಯಾನಿಕ್ಕನ್ನು ಕರೆದೊಯ್ಯುವುದು ವಾಡಿಕೆ. ಆತ ಬಾನೆಟ್ಟು ಎತ್ತುತ್ತಾನೆ, ಆಯಿಲ್ ಕಡ್ಡಿ ಎಳೆದು ಬೆರಳಿಗೆ ಉಜ್ಜುತ್ತಾನೆ, ಇಂಜಿನ್ನಿಗೆ ಕಿವಿ ಕೊಟ್ಟು ಕಣ್ಣು ಮುಚ್ಚುತ್ತಾನೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಇಂಜಿನ್ನು ಆಯಿಲ್ ಕುಡಿಯುತ್ತಿದೆ ಎಂದರ್ಥ. ಬಿಳಿ ಹೊಗೆ ಬಿಡದೆ ಬಂದರೆ ನೀರು ಒಳಗೆ ಸೇರುತ್ತಿದೆ. ಕರಿ ಹೊಗೆಯಾದರೆ ಪೆಟ್ರೋಲು ಉರಿಯದೆ ಹೋಗುತ್ತಿದೆ. ಮೂರೂ ಬಣ್ಣ ಬಂದರೆ ಮಾಲೀಕ, “ಬೆಳಿಗ್ಗೆಯಿಂದ ಸ್ಟಾರ್ಟ್ ಮಾಡಿರ್ಲಿಲ್ಲ” ಎನ್ನುತ್ತಾನೆ. ನೀವು ಮೆಕ್ಯಾನಿಕ್ಕಿನ ಮುಖ ನೋಡುತ್ತಿರುತ್ತೀರಿ, ಮೆಕ್ಯಾನಿಕ್ಕು ಬ್ರೋಕರಿನ ಮುಖ ನೋಡುತ್ತಿರುತ್ತಾನೆ. ಇಬ್ಬರಿಂದಲೂ ಕಮಿಷನ್ ಬರುವುದರಿಂದ ಆತನ ನಿಷ್ಪಕ್ಷಪಾತವನ್ನು ಸಂಶಯಿಸಲು ಆಧಾರವಿಲ್ಲ.

ನೀವೇ ನೋಡಬಹುದಾದವು ಕೆಲವಿವೆ. ಕಿಟಕಿ ಗಾಜುಗಳ ಮೂಲೆಯಲ್ಲಿ ತಯಾರಾದ ವರ್ಷದ ಗುರುತಿರುತ್ತದೆ. ಎಲ್ಲದರಲ್ಲೂ ಒಂದೇ ವರ್ಷವಿದ್ದು ಒಂದರಲ್ಲಿ ಮಾತ್ರ ಐದು ವರ್ಷ ಮುಂದಿನದಿದ್ದರೆ, ಆ ಗಾಜಿಗೆ ಬಾಳಿನಲ್ಲಿ ಏನೋ ಆಗಿದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಬುಡದಲ್ಲಿ ಕೆಸರಿನ ಗೆರೆ ಕಂಡರೆ ಕಾರು ಬೆಂಗಳೂರಿನ ಯಾವುದೋ ಮಳೆಯಲ್ಲಿ ಈಜಿದೆ. ನಮ್ಮ ಕಡೆ ಇದನ್ನು ದೋಷವೆಂದು ಪರಿಗಣಿಸದವರೂ ಇದ್ದಾರೆ. ನಾವಂತೂ ಅಷ್ಟು ನೀರು ನೋಡಿಲ್ಲ, ಗಾಡಿಯಾದರೂ ನೋಡಿತಲ್ಲ ಎಂದು. ಬಾಗಿಲಿಗೆ ಅಯಸ್ಕಾಂತ ಹಿಡಿದಾಗ ಕೆಳಗೆ ಬಿದ್ದರೆ ಅಲ್ಲಿರುವುದು ತಗಡಲ್ಲ, ಪುಟ್ಟಿ. ಮೀಟರು 48,000 ಕಿಲೋಮೀಟರ್ ಎನ್ನುತ್ತಿದ್ದು ಬ್ರೇಕ್ ಪೆಡಲಿನ ರಬ್ಬರು ನುಣ್ಣಗಾಗಿದ್ದರೆ, ಡಾಕ್ಟರು ನಿಂತಲ್ಲೇ ಬ್ರೇಕ್ ಒತ್ತುತ್ತಿದ್ದರೆಂದು ತಿಳಿಯಬೇಕು. ಮಾರಾಟಕ್ಕೆ ಬರುವ ಕಾರುಗಳೆಲ್ಲ ಡಾಕ್ಟರುಗಳದೇ. ಈ ರಾಜ್ಯದಲ್ಲಿ ರೈತರೂ ಮೇಷ್ಟ್ರುಗಳೂ ಕಾರು ಮಾರುವುದಿಲ್ಲವೆಂದು ಕಾಣುತ್ತದೆ.

ಕಾರಿಗೆ ಹದಿನೈದು ತುಂಬಿದ್ದರೆ ಆರ್‌ಸಿ ನವೀಕರಿಸಬೇಕು. ಆ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ಆಯಿತು. ಹಸಿರು ತೆರಿಗೆ ಬೇರೆ. ಹಿರಿಯರಿಗೆ ಎಲ್ಲ ಕಡೆ ರಿಯಾಯಿತಿ, ಕಾರಿಗೆ ಮಾತ್ರ ಈ ಶಿಕ್ಷೆ. ಪಾವಗಡದವರು ಗಡಿ ದಾಟಿ ಹಿಂದೂಪುರ, ಮಡಕಶಿರಾ ಕಡೆಯಿಂದ ಆಂಧ್ರ ನಂಬರಿನ ಗಾಡಿ ತರುತ್ತಾರೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ಎನ್‌ಒಸಿ ತಂದು, ಇಲ್ಲಿನ ತೆರಿಗೆ ಕಟ್ಟಿ, ಕೆಎ 64ರ ಪ್ಲೇಟು ಹಾಕಿಸಬೇಕು. ಹನ್ನೊಂದನೇ ತಿಂಗಳಲ್ಲಿ ಆ ಕಾರುಗಳಿಗೆಲ್ಲ ಒಮ್ಮೆ ತವರಿನ ನೆನಪಾಗುತ್ತದೆ. ಇತ್ತ ಪೆಟ್ರೋಲು ಆ ಕಡೆಗಿಂತ ನಮ್ಮ ಕಡೆ ಅಗ್ಗವಾದ್ದರಿಂದ ಆಂಧ್ರದವರು ಟ್ಯಾಂಕು ತುಂಬಿಸಲು ಈ ಕಡೆ ಬರುತ್ತಾರೆ. ಕಾರು ಅಲ್ಲಿಂದ ಇಲ್ಲಿಗೆ, ಪೆಟ್ರೋಲು ಇಲ್ಲಿಂದ ಅಲ್ಲಿಗೆ. ಎರಡು ರಾಜ್ಯಗಳ ನಡುವೆ ಇಷ್ಟು ಶಾಂತವಾಗಿ ಹರಿಯುವುದು ಬೇರೇನೂ ಇಲ್ಲ.

ಪದ್ಧತಿ ಪ್ರಯೋಗದಲ್ಲಿ ಹೇಗೆ ನಡೆಯುತ್ತದೆಂದು ತಿಳಿಸಲು ಒಂದು ಪ್ರಕರಣ ಹೇಳುತ್ತೇನೆ. ಹೋಬಳಿಯ ಹಳ್ಳಿಯೊಂದರ ಗೌಡರು ಬಂದು ಕೂತರು. ಮೇಲಿನದೆಲ್ಲವನ್ನೂ ವಿವರಿಸಿದೆ. ಬಡ್ಡಿಯ ಹಳೇ ಕಾರು, ಚೀಟಿ, ಬಿಪಿಎಲ್, ಗಾಜಿನ ವರ್ಷ. ಗೌಡರು ತಲೆಯಾಡಿಸುತ್ತ ಕೇಳಿದರು. ಎರಡನೇ ಟೀ ಮುಗಿಯುವಾಗ ಹಳೆಯದೇ ಲೇಸು ಎಂದು ನಿರ್ಣಯ ಕೊಟ್ಟೆ.

“ಸರಿಯಾಗಿ ಹೇಳಿದ್ರಿ ಸಾಮಿ. ಆದ್ರೆ ಗಾಡಿ ಮೊನ್ನೆ ಶುಕ್ರವಾರವೇ ಬಂದೈತೆ. ಹೊಸದು.”

“ಮತ್ತೆ ಇಷ್ಟು ಹೊತ್ತು?”

“ಮನೇಲಿ ಕಂತು ಎಷ್ಟು ಅಂತ ಕೇಳ್ತಾವ್ರೆ. ಕಮ್ಮಿ ಅನ್ನಂಗೆ ಒಂದು ಲೆಕ್ಕ ಬರ್ಕೊಡಿ. ಅದಕ್ಕೇ ಬಂದಿದ್ದು.”

ಪದ್ಧತಿಯಲ್ಲಿ ಇದಕ್ಕೂ ಅವಕಾಶವಿದೆ. ಅಸಲಿಗೆ ನನ್ನಲ್ಲಿಗೆ ಬರುವವರಲ್ಲಿ ಬಹುಪಾಲು ಈ ವರ್ಗದವರೇ. 9,653ನ್ನು ಮೂವತ್ತು ದಿನಕ್ಕೆ ಹಂಚಿದೆ, ದಿನಕ್ಕೆ 322 ರೂಪಾಯಿ. ಮನೆಯಲ್ಲಿ ಎಷ್ಟು ಜನ ಎಂದೆ. ಐದು. ತಲೆಗೆ ದಿನಕ್ಕೆ 64 ರೂಪಾಯಿ ಚಿಲ್ಲರೆ.

ಗೌಡರು ಚೀಟಿಯನ್ನು ದೂರ ಹಿಡಿದು ನೋಡಿದರು. “ಇನ್ನೂ ಸ್ವಲ್ಪ ಇಳಿಸಕ್ಕಾಗಲ್ವಾ?”

“ಜನ ಹೆಚ್ಚಬೇಕು.”

“ಎರಡು ಸೀಮೆಹಸ ಅವೆ.”

ಏಳರಿಂದ ಭಾಗಿಸಿದೆ. 46 ರೂಪಾಯಿ ಬಂತು. ಗೌಡರ ಮುಖ ಅರಳಿತು. ಇದು ಮನೇಲಿ ನಡೀತದೆ ಎಂದು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡರು. ಅವರ ಊರು ಕುರಿಗೆ ಹೆಸರಾದದ್ದು ಎಂದು ಆಗ ನೆನಪಾಗಿ, ಕುರಿಗಳನ್ನೂ ಸೇರಿಸಿದರೆ ಹತ್ತು ರೂಪಾಯಿಯೊಳಗೆ ತರಬಹುದು ಎಂದೆ.

“ಕುರಿ ಬ್ಯಾಡಿ ಸಾಮಿ” ಎಂದರು ಗೌಡರು. “ಅವು ಡೌನ್ ಪೇಮೆಂಟಿಗೇ ಹೋದ್ವು.”